ಮೊದಲ ಬೇಸ್ ಗಿಟಾರ್: ಪ್ರಿಸಿಷನ್ನೋ, ಜಾಝೋ, ಮತ್ತೊಂದೋ?

ಬೇಸ್ ಗಿಟಾರ್ ನುಡಿಸುವ ನಾಲ್ಕೈದು ಮಂದಿ ಒಂದು ಕೋಣೆಯಲ್ಲಿ ಸೇರಿದರೆ ಮೊದಲ ಅರ್ಧ ಗಂಟೆ ಯಾರೂ ನುಡಿಸುವುದಿಲ್ಲ. ಒಬ್ಬೊಬ್ಬರಾಗಿ ಚೀಲ ಬಿಚ್ಚುತ್ತಾರೆ, ಒಬ್ಬರ ವಾದ್ಯವನ್ನು ಇನ್ನೊಬ್ಬರು ತೊಡೆಯ ಮೇಲಿಟ್ಟುಕೊಂಡು ನೆಕ್ಕಿನ (ಎಡಗೈ ಹಿಡಿಯುವ ಉದ್ದನೆಯ ಕತ್ತಿನ) ಹಿಂಭಾಗವನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ, ಆಮೇಲೆ ಮಾತು ತಾನಾಗಿ “ಈ ದನಿಯನ್ನು ನಾನು ಮೊದಲು ಕೇಳಿದ್ದು” ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನಮ್ಮ ಬಳಗದ ಹಿರಿಯರೊಬ್ಬರಿಗೆ ಅದು 1981ರ ‘ಗೀತಾ’ ಚಿತ್ರದ ಕ್ಯಾಸೆಟ್ಟು. ಇಳಯರಾಜ ಅವರ ಹಾಡುಗಳಲ್ಲಿ ಗಾಯಕರ ದನಿಯ ಕೆಳಗೆ ಇನ್ನೊಂದು ರಾಗ ತನ್ನ ಪಾಡಿಗೆ ತಾನು ಹರಿಯುತ್ತಿದೆ ಎಂದು ಅವರಿಗೆ ಗೊತ್ತಾದದ್ದು ಮನೆಯ ಟೇಪ್ ರೆಕಾರ್ಡರಿಗೆ ದೊಡ್ಡ ಸ್ಪೀಕರ್ ಜೋಡಿಸಿದ ದಿನವಂತೆ. ಇನ್ನೊಬ್ಬರಿಗೆ ಅದು 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಜೊತೆಗೆ ಸ್ಟೀವ್ ಹ್ಯಾರಿಸ್ ನುಡಿಸಿದ ಪ್ರಿಸಿಷನ್ ಬೇಸ್. ನನ್ನ ನೆನಪು ಅಷ್ಟು ದೊಡ್ಡದಲ್ಲ: ಗಣೇಶನ ಪೆಂಡಾಲಿನ ಮುಂದೆ ಆರ್ಕೆಸ್ಟ್ರಾದವರ ಸ್ಪೀಕರಿಗೆ ಒತ್ತಿ ಕುಳಿತಿದ್ದಾಗ, ಹಾಡು ಕಿವಿಗೆ ಬರುವ ಮೊದಲೇ ಎದೆಗೂಡಿಗೆ ಬಂದು ತಾಗುತ್ತಿದ್ದ ಒಂದು ಗುದ್ದು.

ಮೊದಲ ಬೇಸ್ ಕೊಳ್ಳಲು ಹೊರಟವರು ನನ್ನನ್ನು ಕೇಳುವುದು ಸಾಮಾನ್ಯವಾಗಿ ಕಂಪನಿಯ ಹೆಸರನ್ನು. ನಾನು ಅವರಿಗೆ ಮರಳಿ ಕೇಳುವುದು ಈ ನೆನಪನ್ನು. ನಿಮ್ಮ ಕಿವಿಯಲ್ಲಿ ಈಗಾಗಲೇ ಕುಳಿತಿರುವ ದನಿ ಯಾವುದು, ಅದು ವಾದ್ಯದಿಂದ ಬಂದದ್ದೋ, ತಂತಿಯಿಂದ ಬಂದದ್ದೋ, ಬೆರಳಿನಿಂದ ಬಂದದ್ದೋ ಎಂಬುದನ್ನು ಬಿಡಿಸಿಕೊಂಡರೆ ಆಯ್ಕೆಯ ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ಬಿಡಿಸಿಕೊಳ್ಳುವ ತಾಳ್ಮೆ ಇಲ್ಲದವರಿಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ನಾಲ್ಕು ತಂತಿಯ, 34 ಅಂಗುಲ ಸ್ಕೇಲಿನ (ಅಂದರೆ ನುಡಿಯುವ ತಂತಿಯ ಉದ್ದ ಅಷ್ಟಿರುವ), ಬ್ಯಾಟರಿ ಬೇಡದ, ಪ್ರಿಸಿಷನ್ ಮಾದರಿಯ ಒಂದು ಸಾಧಾರಣ ಬೇಸ್ ಕೊಂಡು, ಉಳಿದ ಹಣವನ್ನು ಒಳ್ಳೆಯ ತಂತಿಗೂ ಒಮ್ಮೆ ಸರಿಯಾದ ಸೆಟಪ್ (ತಂತಿಯ ಎತ್ತರ, ನೆಕ್ಕಿನ ಬಾಗು ಹೊಂದಿಸುವ ಕೆಲಸ) ಮಾಡಿಸುವುದಕ್ಕೂ ಇಡಿ. ಈ ತೀರ್ಪು ಯಾರಿಗೆ ಹೊಂದುವುದಿಲ್ಲ ಎಂಬುದನ್ನು ಹೇಳಲು ಮಾತ್ರ ತುಸು ಉದ್ದದ ಬರಹ ಬೇಕಾಗುತ್ತದೆ.

ಪ್ರಿಸಿಷನ್ ಮತ್ತು ಜಾಝ್

1951ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ಲಿಯೋ ಫೆಂಡರ್ ಹೊರತಂದ ವಾದ್ಯಕ್ಕೆ ಪ್ರಿಸಿಷನ್ ಎಂಬ ಹೆಸರು ಬಂದದ್ದು ಫ್ರೆಟ್ಟುಗಳಿಂದ, ಅಂದರೆ ನೆಕ್ಕಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಿಂದ. ಆಳೆತ್ತರದ ಡಬಲ್ ಬೇಸಿನಲ್ಲಿ ಸ್ವರಸ್ಥಾನವನ್ನು ಕಿವಿಯ ಆಸರೆಯಲ್ಲೇ ಹುಡುಕಿ ಒತ್ತಬೇಕಿತ್ತು. ಇಲ್ಲಿ ಬೆರಳು ಫ್ರೆಟ್ಟಿನ ಹಿಂದೆ ಬಿದ್ದರೆ ಸಾಕು, ಸ್ವರ ಕರಾರುವಾಕ್ಕಾಗಿ ನಿಲ್ಲುತ್ತಿತ್ತು. ಇಂದು ನಾವು ಆ ಹೆಸರಿನಿಂದ ಗುರುತಿಸುವ ರೂಪ 1957ರದು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಎರಡು ತುಂಡಾಗಿ, ಒಂದು ತುಂಡು ಇ ಮತ್ತು ಎ ತಂತಿಗಳ ಕೆಳಗೂ ಮತ್ತೊಂದು ಡಿ ಮತ್ತು ಜಿ ತಂತಿಗಳ ಕೆಳಗೂ, ಒಂದರಿಂದೊಂದು ಸ್ವಲ್ಪ ಸರಿದು ಕುಳಿತಿರುತ್ತವೆ. ಎರಡರ ಸುರುಳಿಗಳೂ ಒಂದಕ್ಕೊಂದು ವಿರುದ್ಧವಾಗಿ ಜೋಡಣೆಯಾಗಿರುವುದರಿಂದ ಕರೆಂಟಿನ ಗುಂಯ್ ಸದ್ದು ತಾನೇ ರದ್ದಾಗುತ್ತದೆ. ವಾಲ್ಯೂಮಿಗೆ ಒಂದು ತಿರುಪು, ಟೋನಿಗೆ ಒಂದು, ಇನ್ನೇನೂ ಇಲ್ಲ.

ಜಾಝ್ ಬೇಸ್ ಬಂದದ್ದು 1960ರಲ್ಲಿ. ಸೊಂಟ ಓರೆಯಾದ ಒಡಲು, ಎರಡು ಸಿಂಗಲ್ ಕಾಯಿಲ್ (ಒಂಟಿ ಸುರುಳಿಯ) ಪಿಕಪ್ಪುಗಳು, ಈಗಿನ ಸಾಮಾನ್ಯ ರೂಪದಲ್ಲಿ ಎರಡು ವಾಲ್ಯೂಮ್ ಮತ್ತು ಒಂದು ಟೋನ್ ತಿರುಪು, ಜೊತೆಗೆ ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿಯ) ಬಳಿ ತೆಳುವಾದ ನೆಕ್ಕು. ಪ್ರಿಸಿಷನ್ನಿನ ನಟ್ ಸುಮಾರು 41 ಮಿಲಿಮೀಟರ್ ಅಗಲವಾದರೆ ಜಾಝಿನದು 38. ಕಾಗದದ ಮೇಲೆ ಮೂರು ಮಿಲಿಮೀಟರ್ ಎಂದರೆ ಏನೂ ಅಲ್ಲ. ಒಂದೂವರೆ ಗಂಟೆಯ ತಾಲೀಮಿನ ಕೊನೆಗೆ ಎಡಗೈ ಹೆಬ್ಬೆರಳಿನ ಬುಡಕ್ಕೆ ಅದು ಏನೆಂದು ಚೆನ್ನಾಗಿ ಗೊತ್ತಾಗುತ್ತದೆ. ಆದರೆ “ನನ್ನ ಕೈ ಚಿಕ್ಕದು, ಆದ್ದರಿಂದ ಜಾಝ್” ಎಂದು ಅಂಗಡಿಗೆ ಹೋಗುವ ಮೊದಲೇ ತೀರ್ಮಾನಿಸಬೇಡಿ. ಕೈ ಚಿಕ್ಕದಾದವರಿಗೆ ಕಷ್ಟ ಕೊಡುವುದು ನೆಕ್ಕಿನ ಅಗಲಕ್ಕಿಂತ ಫ್ರೆಟ್ಟುಗಳ ನಡುವಿನ ದೂರ, ಮತ್ತು ಆ ದೂರ ಎರಡರಲ್ಲೂ ಒಂದೇ.

ದನಿಯ ವ್ಯತ್ಯಾಸವನ್ನು ಮಾತಿನಲ್ಲಿ ಹೇಳುವುದು ಕಷ್ಟವಾದರೂ ಹೀಗೆ ಹೇಳಬಹುದು. ಪ್ರಿಸಿಷನ್ನಿನ ಸ್ವರ ಒಂದೇ ಗಟ್ಟಿ ಉಂಡೆಯಂತೆ ಬಂದು ಬೀಳುತ್ತದೆ. ಜಾಝಿನ ಸ್ವರಕ್ಕೆ ಅಂಚುಗಳಿರುತ್ತವೆ: ಬ್ರಿಜ್ಜಿನ (ಒಡಲಿನ ಮೇಲೆ ತಂತಿಗಳನ್ನು ಹಿಡಿದಿಡುವ ಭಾಗದ) ಕಡೆಯ ಪಿಕಪ್ಪನ್ನು ಮಾತ್ರ ತೆರೆದರೆ ತುಸು ಮೂಗಿನ ದನಿಯಲ್ಲಿ ಮಾತಾಡುತ್ತದೆ, ಎರಡನ್ನೂ ಪೂರ್ತಿ ತೆರೆದರೆ ನಡುವಿನ ಭಾಗ ತಗ್ಗಿ ಮೇಲು ಕೆಳಗಿನ ಭಾಗಗಳು ಮಿನುಗುತ್ತವೆ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಧ್ವನಿಮುದ್ರಣಗಳಲ್ಲಿ ಜೇಮ್ಸ್ ಜೇಮರ್ಸನ್ 1962ರ ಪ್ರಿಸಿಷನ್ನನ್ನು ಬಲಗೈಯ ಒಂದೇ ತೋರುಬೆರಳಿನಿಂದ ನುಡಿಸುತ್ತಿದ್ದರು. ಮೆಂಫಿಸ್ಸಿನ ಸ್ಟ್ಯಾಕ್ಸ್ ಧ್ವನಿಮುದ್ರಣಗಳ ಡಕ್ ಡನ್ ಅವರದೂ ಪ್ರಿಸಿಷನ್ನೇ. ಜಾಝಿನ ಕಡೆಗೆ ಲೆಡ್ ಝೆಪಲಿನ್ನಿನ ಜಾನ್ ಪಾಲ್ ಜೋನ್ಸ್, ರಶ್ ತಂಡದ ಗೆಡ್ಡಿ ಲೀ, 1977ರ ಜಾಝನ್ನು ತನ್ನ ಗುರುತಾಗಿಸಿಕೊಂಡ ಮಾರ್ಕಸ್ ಮಿಲ್ಲರ್, ಮತ್ತು ಎಲ್ಲರಿಗಿಂತ ಹೆಚ್ಚಾಗಿ ಜಾಕೋ ಪಾಸ್ಟೋರಿಯಸ್ ನಿಲ್ಲುತ್ತಾರೆ.

ಇಲ್ಲಿ ನನ್ನ ಅನುಭವವನ್ನು ಸೇರಿಸುವುದು ಅಗತ್ಯ, ಏಕೆಂದರೆ ನಾನು ಮೊದಲು ಕೊಂಡದ್ದು ಜಾಝ್ ಮಾದರಿಯನ್ನೇ. ಅಂಗಡಿಯಲ್ಲಿ ಒಬ್ಬನೇ ಕುಳಿತು ನುಡಿಸಿದಾಗ ಅದು ಪ್ರಿಸಿಷನ್ನಿಗಿಂತ ಎಷ್ಟೋ ಚೆಂದವಾಗಿ ಕೇಳಿಸಿತ್ತು. ಎರಡು ಗಿಟಾರು, ಒಂದು ಕೀಬೋರ್ಡು, ಡ್ರಮ್ಸು ಇದ್ದ ನಮ್ಮ ತಾಲೀಮಿನ ಕೋಣೆಯಲ್ಲಿ, ಎರಡೂ ಪಿಕಪ್ಪುಗಳನ್ನು ತೆರೆದಿಟ್ಟ ಆ ಚೆಂದದ ದನಿ ಉಪ್ಪು ನೀರಿನಲ್ಲಿ ಕರಗಿದಂತೆ ಕರಗಿಹೋಯಿತು. ಸ್ನೇಹಿತರೊಬ್ಬರ ಪ್ರಿಸಿಷನ್ನನ್ನು ಎರಡು ವಾರ ಎರವಲು ತಂದು, ಒಂದೇ ಹಾಡನ್ನು ಎರಡರಲ್ಲೂ ನುಡಿಸಿ ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿದೆ. ಒಂಟಿಯಾಗಿ ಕೇಳಿದರೆ ಮೊದ್ದಾಗಿದ್ದ ಪ್ರಿಸಿಷನ್ ಬಳಗದ ನಡುವೆ ತನ್ನ ಜಾಗದಲ್ಲಿ ಸರಿಯಾಗಿ ಕುಳಿತಿತ್ತು. ಆದ್ದರಿಂದ ಗುಂಪಿನಲ್ಲಿ ನುಡಿಸುವವರು ಗುಂಪಿನಲ್ಲಿ ಕೇಳಿಯೇ ತೀರ್ಮಾನಿಸಬೇಕು. ಮನೆಯಲ್ಲಿ ಒಬ್ಬರೇ ನುಡಿಸಿಕೊಳ್ಳುವವರು, ಬೇಸ್ ಒಂದರಲ್ಲೇ ರಾಗ ನುಡಿಸಬಯಸುವವರು, ಹೆಬ್ಬೆರಳಿನಿಂದ ಬಡಿದು ನುಡಿಸುವ ಸ್ಲ್ಯಾಪ್ ಶೈಲಿಗೆ ಮನಸೋತವರು ನಿಶ್ಚಿಂತೆಯಿಂದ ಜಾಝ್ ಕೊಳ್ಳಬಹುದು. ಆ ಶೈಲಿ ಹುಟ್ಟಿದ್ದೂ ಕೊರತೆಯಿಂದಲೇ: ತಾಯಿಯ ಪುಟ್ಟ ತಂಡದಲ್ಲಿ ಡ್ರಮ್ಸ್ ನುಡಿಸುವವರಿಲ್ಲದಾಗ ಲ್ಯಾರಿ ಗ್ರಹಾಂ ಆ ಪೆಟ್ಟುಗಳನ್ನು ಬೇಸಿನ ತಂತಿಗಳ ಮೇಲೇ ಕೊಡಲಾರಂಭಿಸಿದರು.

ನಮ್ಮ ಮನೆಗಳಿಗೆ ಸಂಬಂಧಿಸಿದ ಒಂದು ಮಾತನ್ನು ವಿದೇಶದ ಮಾರ್ಗದರ್ಶಿಗಳು ಒತ್ತಿ ಹೇಳುವುದಿಲ್ಲ. ಜಾಝಿನ ಎರಡು ಪಿಕಪ್ಪುಗಳೂ ಸಮನಾಗಿ ತೆರೆದಿರುವಾಗ ಮಾತ್ರ ಗುಂಯ್ ಸದ್ದು ಅಡಗುತ್ತದೆ. ಒಂದನ್ನು ತಗ್ಗಿಸಿದ ಕ್ಷಣ ಅದು ಮರಳುತ್ತದೆ. ಅರ್ಥಿಂಗ್ ಸರಿಯಿಲ್ಲದ ಹಳೆಯ ಮನೆಗಳಲ್ಲಿ, ಪಕ್ಕದಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ, ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದರೆ, ಆ ಸದ್ದು ನುಡಿಸುವವರ ಸ್ವರಕ್ಕಿಂತ ದೊಡ್ಡದಾಗುವುದೂ ಉಂಟು. ಅಂಗಡಿಯ ಒಳ್ಳೆಯ ವೈರಿಂಗಿನಲ್ಲಿ ಇದು ತಿಳಿಯುವುದಿಲ್ಲ. ಮನೆಯ ಅರ್ಥಿಂಗ್ ಬಗ್ಗೆ ಅನುಮಾನವಿದ್ದವರಿಗೆ ಪ್ರಿಸಿಷನ್ ಪರವಾಗಿ ಇದೂ ಒಂದು ಕಾರಣ; ಅರ್ಥಿಂಗನ್ನು ಸರಿಪಡಿಸಿಕೊಳ್ಳಬೇಕಾದ್ದಂತೂ ಯಾವ ಬೇಸ್ ಕೊಂಡರೂ ತಪ್ಪದು.

ಎರಡೂ ಬೇಕೆನ್ನುವವರಿಗೆ ಒಂದು ಪ್ರಿಸಿಷನ್ ಪಿಕಪ್ಪನ್ನೂ ಒಂದು ಜಾಝ್ ಪಿಕಪ್ಪನ್ನೂ ಸೇರಿಸಿದ, ಪಿ-ಜೆ ಎಂದು ಕರೆಯುವ ಜೋಡಣೆಯಿದೆ; ಯಮಹಾದ ಟಿಆರ್‌ಬಿಎಕ್ಸ್ 174 ಅಂಥದ್ದು, ಕಲಿಯುವವರ ಕೈಯಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ನಡುವಿನ ಪ್ರಿಸಿಷನ್ ಪಿಕಪ್ಪನ್ನು ಮಾತ್ರ ತೆರೆದು ನುಡಿಸಿದರೆ ಇದು ಒಳ್ಳೆಯ ಪ್ರಿಸಿಷನ್. ಎರಡನ್ನೂ ತೆರೆದರೆ ಅದು ಜಾಝ್ ಆಗುತ್ತದೆಂದು ನಿರೀಕ್ಷಿಸಬಾರದು. ಎರಡು ಅಡುಗೆಗೂ ಒಂದೇ ಒಗ್ಗರಣೆ ಹಾಕಿದಂತೆ ಬೇರೊಂದು ರುಚಿಯಾಗುತ್ತದೆ.

ಬ್ಯಾಟರಿಯ ಬೇಸ್

ಫೆಂಡರ್ ಕಂಪನಿ 1965ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಪಾಲಾದ ಮೇಲೆ ಲಿಯೋ ಫೆಂಡರ್ ಮ್ಯೂಸಿಕ್ ಮ್ಯಾನ್ ಹೆಸರಿನಲ್ಲಿ ಮತ್ತೆ ಕೆಲಸಕ್ಕೆ ನಿಂತರು. 1976ರಲ್ಲಿ ಸ್ಟಿಂಗ್‌ರೇ ಬಂತು. ಒಂದೇ ದೊಡ್ಡ ಹಂಬಕರ್ (ಗುಂಯ್ ಸದ್ದು ಅಡಗಿಸುವ ಜೋಡಿ ಸುರುಳಿಯ) ಪಿಕಪ್ಪು, ಅದರ ಹಿಂದೆ ಬ್ಯಾಟರಿಯಿಂದ ನಡೆಯುವ ಪ್ರಿಯಾಂಪ್, ಅಂದರೆ ದನಿಯನ್ನು ವಾದ್ಯದೊಳಗೇ ವರ್ಧಿಸುವ ಸಾಧನ. ಪ್ರಿಸಿಷನ್ ಮತ್ತು ಜಾಝಿನ ತಿರುಪುಗಳು ಇರುವುದನ್ನು ತಗ್ಗಿಸಬಲ್ಲವೇ ಹೊರತು ಹೆಚ್ಚಿಸಲಾರವು. ಆಕ್ಟಿವ್ ಎಂದು ಕರೆಯುವ ಈ ಬಗೆಯಲ್ಲಿ ಮಂದ್ರವನ್ನೂ ತಾರವನ್ನೂ ವಾದ್ಯದಲ್ಲೇ ಹೆಚ್ಚಿಸಬಹುದು. ಶಿಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ ಅವರ ಬೆರಳುಗಳಲ್ಲಿ ಅದು ಎಷ್ಟು ಸ್ಫುಟವಾಗಿ ಕುಣಿಯುತ್ತಿತ್ತೆಂಬುದು ಎಪ್ಪತ್ತರ ದಶಕದ ಕೊನೆಯ ಡಿಸ್ಕೋ ಹಾಡುಗಳನ್ನು ಕೇಳಿದವರಿಗೆ ಗೊತ್ತು. ಇಬಾನೆಝ್ ಕಂಪನಿಯ ತೆಳು ನೆಕ್ಕಿನ ಎಸ್ಆರ್ ಸಾಲಿನಲ್ಲೂ ಆಕ್ಟಿವ್ ಮಾದರಿಗಳು ಹೇರಳ. ಅವು ಹಗುರ, ವೇಗದ ಕೈಗೆ ಅನುಕೂಲ.

ಆಕ್ಟಿವ್ ಬೇಸಿನ ಬಗ್ಗೆ ನನಗೊಂದು ತಕರಾರಿದೆ, ಅದು ಭಾಗಶಃ ನನ್ನ ಸ್ವಂತ ತಪ್ಪಿನಿಂದ ಬಂದದ್ದು. ಈ ವಾದ್ಯಗಳಲ್ಲಿ ಕೇಬಲ್ ಚುಚ್ಚಿದರೆ 9 ವೋಲ್ಟ್ ಬ್ಯಾಟರಿ ಚಾಲೂ ಆಗುತ್ತದೆ, ಕಿತ್ತರೆ ನಿಲ್ಲುತ್ತದೆ. ರಾಜ್ಯೋತ್ಸವದ ಕಾರ್ಯಕ್ರಮವೊಂದರ ಹಿಂದಿನ ರಾತ್ರಿ ತಾಲೀಮು ಮುಗಿಸಿ ಕೇಬಲ್ ಕೀಳದೆ ಮಲಗಿದ್ದೆ. ಮಾರನೆಯ ಸಂಜೆ ಎರಡನೆಯ ಹಾಡಿನ ಪಲ್ಲವಿಯಲ್ಲಿ ದನಿ ಹರಿದ ಸ್ಪೀಕರಿನಂತೆ ಕರಕರ ಎನ್ನತೊಡಗಿ, ಚರಣ ಮುಗಿಯುವಷ್ಟರಲ್ಲಿ ಪೂರ್ತಿ ನಿಂತುಹೋಯಿತು. ಉಳಿದ ಹಾಡುಗಳಿಗೆ ಕೀಬೋರ್ಡಿನವರು ಎಡಗೈಯಲ್ಲಿ ಬೇಸ್ ನುಡಿಸಿದರು, ನಾನು ಸುಮ್ಮನೆ ತಲೆಯಾಡಿಸುತ್ತ ನಿಂತಿದ್ದೆ. ಸಭಿಕರಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ ಎಂಬುದು ಬ್ಯಾಟರಿ ಸತ್ತದ್ದಕ್ಕಿಂತ ಹೆಚ್ಚು ಬೇಸರ ತಂದಿತು. ಆಕ್ಟಿವ್ ಕೊಳ್ಳುವವರು ಬ್ಯಾಟರಿ ಇಲ್ಲದೆಯೂ ನುಡಿಯಬಲ್ಲ ಮಾದರಿಯನ್ನು, ಅಂದರೆ ಆಕ್ಟಿವ್ ಮತ್ತು ಪ್ಯಾಸಿವ್ ನಡುವೆ ಬದಲಿಸುವ ಸ್ವಿಚ್ಚಿರುವುದನ್ನು ಆರಿಸಿಕೊಳ್ಳುವುದು ಮೇಲು.

ಉದ್ದ, ಅಗಲ, ತಂತಿಗಳ ಸಂಖ್ಯೆ

ಚಿಕ್ಕ ಕೈಯವರಿಗೆ ನಿಜವಾಗಿ ನೆರವಾಗುವುದು ಶಾರ್ಟ್ ಸ್ಕೇಲ್. ನಟ್ಟಿನಿಂದ ಬ್ರಿಜ್ಜಿನವರೆಗಿನ ತಂತಿಯ ಉದ್ದ 34 ಅಂಗುಲದ ಬದಲು 30 ಇದ್ದರೆ, ಒಂದನೆಯ ಫ್ರೆಟ್ಟಿನಿಂದ ನಾಲ್ಕನೆಯ ಫ್ರೆಟ್ಟಿಗೆ ಕೈ ಚಾಚುವ ದೂರ ಸುಮಾರು 13 ಸೆಂಟಿಮೀಟರಿನಿಂದ ಹನ್ನೊಂದೂವರೆಗೆ ಇಳಿಯುತ್ತದೆ. ಹನ್ನೆರಡು ವರ್ಷದ ಮಗುವಿಗೆ ಕಲಿಸಲು ಹೊರಟಿದ್ದರೆ ಬೇರೆ ಯೋಚನೆಯೇ ಬೇಡ. ಇದನ್ನು ಮಕ್ಕಳ ಆಟಿಕೆ ಎಂದು ತಿಳಿಯುವುದೂ ತಪ್ಪು. 1961ರಲ್ಲಿ ಹ್ಯಾಂಬರ್ಗಿನಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಕೊಂಡ, ಪಿಟೀಲಿನಾಕಾರದ ಹೋಫ್ನರ್ 500/1 ಕೂಡ 30 ಅಂಗುಲದ್ದೇ, ಕ್ರೀಮ್ ತಂಡದ ಜ್ಯಾಕ್ ಬ್ರೂಸ್ ನುಡಿಸಿದ ಗಿಬ್ಸನ್ ಇಬಿ-3 ಕೂಡ ಅದೇ ಉದ್ದದ ಕುಲದ್ದು. ತಂತಿಯ ಬಿಗಿತ ಕಡಿಮೆಯಾದ್ದರಿಂದ ದನಿ ದುಂಡಗೆ, ತುಸು ಮಬ್ಬಾಗಿ ಬರುತ್ತದೆ, ಇ ತಂತಿ ಜೋಲುಬಿದ್ದಂತೆ ಅನ್ನಿಸುತ್ತದೆ. ಬಿರುಸಾಗಿ ಬಡಿದು ನುಡಿಸುವವರಿಗೆ ಇದು ಒಗ್ಗುವುದಿಲ್ಲ. ಇನ್ನೊಂದು ಅಡಚಣೆ, 30 ಅಂಗುಲಕ್ಕೆಂದೇ ತಯಾರಾದ ತಂತಿಗಳು ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಕೊಂಡ ದಿನವೇ ಒಂದು ಜೊತೆ ಹೆಚ್ಚಿಗೆ ತರಿಸಿಟ್ಟುಕೊಳ್ಳಬೇಕು.

ನಾಲ್ಕು ತಂತಿಯೋ ಐದೋ ಎಂಬ ಪ್ರಶ್ನೆಗೆ ಉತ್ತರ ನೀವು ಯಾರ ಜೊತೆ ನುಡಿಸುತ್ತೀರಿ ಎಂಬುದರಲ್ಲಿದೆ. ನಾಲ್ಕು ತಂತಿಯ ಬೇಸಿನಲ್ಲಿ ಅತ್ಯಂತ ಕೆಳಗಿನ ಸ್ವರ ಇ, ಸೆಕೆಂಡಿಗೆ ಸುಮಾರು 41 ಕಂಪನ. ಐದನೆಯ ಬಿ ತಂತಿ ಅದನ್ನು ಸುಮಾರು 31ಕ್ಕೆ ಇಳಿಸುತ್ತದೆ. ರಾಕ್ ತಂಡದವರಿಗೆ ಇ ಸಾಕು, ಏಕೆಂದರೆ ಗಿಟಾರಿನವರೂ ಇ ಮತ್ತು ಎಗಳಲ್ಲೇ ಬೀಡುಬಿಟ್ಟಿರುತ್ತಾರೆ. ಒಂದು ಮನೆ ಶ್ರುತಿಯಲ್ಲಿ, ಅಂದರೆ ಸಿ ಸ್ವರದಲ್ಲಿ ಹಾಡುವ ಗಾಯಕರ ಹಿಂದೆ ಕುಳಿತವರ ಪಾಡು ಬೇರೆ. ನಾಲ್ಕು ತಂತಿಯ ವಾದ್ಯದಲ್ಲಿ ಅವರ ಮಂದ್ರದ ಆಧಾರ ಷಡ್ಜ ಎ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಸಿಗುತ್ತದೆ, ಅದಕ್ಕೂ ಒಂದು ಸ್ಥಾಯಿ ಕೆಳಗಿನದು ಸಿಗುವುದೇ ಇಲ್ಲ. ಐದು ತಂತಿಯಲ್ಲಿ ಬಿ ತಂತಿಯ ಮೊದಲನೆಯ ಫ್ರೆಟ್ಟಿನಲ್ಲೇ ಅದು ಕಾದಿರುತ್ತದೆ. ಭಜನೆ, ಭಾವಗೀತೆ, ಫ್ಯೂಷನ್ ಕಛೇರಿಗಳಲ್ಲಿ ನುಡಿಸುವವರಿಗೆ ನಾನು ಐದು ತಂತಿಯನ್ನು ಸೂಚಿಸುವುದು ಇದೇ ಕಾರಣಕ್ಕೆ. ಎರಡು ಮನೆ ಶ್ರುತಿ, ಅಂದರೆ ಡಿ ಸ್ವರ ಮಾತ್ರವಾದರೆ ಇ ತಂತಿಯನ್ನು ಡಿಗೆ ಇಳಿಸಿಕೊಂಡು ನಾಲ್ಕರಲ್ಲೇ ನಿಭಾಯಿಸಬಹುದು.

ಐದು ತಂತಿಗೆ ತೆರಬೇಕಾದ ಬೆಲೆಯೂ ಇದೆ. ನೆಕ್ಕು ಅಗಲವಾಗುತ್ತದೆ, ಭಾರ ಹೆಚ್ಚುತ್ತದೆ, ನುಡಿಸದ ತಂತಿಗಳನ್ನು ಬೆರಳಿನಿಂದ ಅದುಮಿ ಮೌನವಾಗಿಡುವ ಕೆಲಸ ದುಪ್ಪಟ್ಟಾಗುತ್ತದೆ. ಅಗ್ಗದ ಐದು ತಂತಿಯ ವಾದ್ಯಗಳಲ್ಲಿ ಬಿ ತಂತಿ ಹಲವು ಬಾರಿ ಸ್ವರ ಬಿಡದೆ ಬರೀ ಗೊಗ್ಗರು ಸದ್ದು ಮಾಡುತ್ತದೆ. ಅದೇ ಹಣಕ್ಕೆ ಸಿಗುವ ನಾಲ್ಕು ತಂತಿಯದು ಮರದಲ್ಲೂ ಕೆಲಸದಲ್ಲೂ ಮೇಲಿರುವುದೇ ಹೆಚ್ಚು. ಎಂಟು ಅಂಗುಲದ ಸ್ಪೀಕರಿನ ಅಭ್ಯಾಸದ ಆಂಪಿನಲ್ಲಿ 31 ಕಂಪನದ ಸ್ವರ ಕೇಳಿಸುವುದೂ ಇಲ್ಲ, ಕೇಳಿಸುವುದು ಅದರ ಮೇಲಿನ ಸಹಸ್ವರಗಳು ಮಾತ್ರ. ಅಂಗಡಿಯಲ್ಲಿ ಬಿ ತಂತಿಯನ್ನು ಪರೀಕ್ಷಿಸುವವರು ಅಲ್ಲಿರುವ ದೊಡ್ಡ ಆಂಪನ್ನೇ ಕೇಳಿ ಪಡೆಯಬೇಕು.

ಫ್ರೆಟ್ಟಿಲ್ಲದ ಬೇಸ್ ಬಗ್ಗೆ ಕರ್ನಾಟಕ ಸಂಗೀತದ ಹಿನ್ನೆಲೆಯವರು ಬಹಳ ಆಸೆಯಿಂದ ಕೇಳುತ್ತಾರೆ. ಆಂಪೆಗ್ ಕಂಪನಿ 1966ರಲ್ಲೂ ಫೆಂಡರ್ 1970ರಲ್ಲೂ ಇಂಥದ್ದನ್ನು ಮಾರಲಾರಂಭಿಸಿದವು. ಆದರೆ ಲೋಕವೆಲ್ಲ ಕಿವಿನಿಮಿರಿಸಿದ್ದು 1976ರಲ್ಲಿ ಜಾಕೋ ಪಾಸ್ಟೋರಿಯಸ್ ಅವರ ಮೊದಲ ಆಲ್ಬಂ ಬಂದಾಗ. ತಮ್ಮ 1962ರ ಜಾಝ್ ಬೇಸಿನ ಫ್ರೆಟ್ಟುಗಳಿದ್ದ ಜಾಗವನ್ನು ಮೆತ್ತಿ ಮುಚ್ಚಿ, ಒರಟು ತಂತಿ ಮರವನ್ನು ಕೊರೆಯದಂತೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಫಿಂಗರ್‌ಬೋರ್ಡಿಗೆ (ನೆಕ್ಕಿನ ಮೇಲಿನ ಬೆರಳೊತ್ತುವ ಹಲಗೆಗೆ) ಬಳಿದವರು ಅವರು. ಆ ಗಾಜಿನಂಥ ಮೇಲ್ಮೈಯಿಂದಲೇ ಸ್ವರಕ್ಕೆ ಹಾಡುವ ಗುಣ ಬಂತು.

ಗಮಕದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಸರಿಪಡಿಸಬೇಕು. ವೀಣೆಯಲ್ಲಿ ಮೆಟ್ಟಿಲುಗಳಿದ್ದರೂ ಗಮಕ ಸಾಧ್ಯ, ಏಕೆಂದರೆ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರ ಏರಿಸಬಹುದು. ಬೇಸಿನ ದಪ್ಪ ತಂತಿಯನ್ನು ಹಾಗೆ ಎಳೆದರೆ ಬೆರಳು ನೊಂದೀತೇ ಹೊರತು ಸ್ವರ ಅಷ್ಟಾಗಿ ಏರದು. ಆದ್ದರಿಂದ ಬೇಸಿನಲ್ಲಿ ಗಮಕಕ್ಕೆ ಇರುವುದು ವೀಣೆಯ ದಾರಿಯಲ್ಲ, ಗೋಟುವಾದ್ಯದ ಜಾರಿನ ದಾರಿ. ಅದಕ್ಕೆ ಫ್ರೆಟ್ಟಿಲ್ಲದ ಬೇಸೇ ಬೇಕು. ಪಿಟೀಲು ಕಲಿತವರು ಇದನ್ನೇ ಮೊದಲ ವಾದ್ಯವಾಗಿ ಕೊಳ್ಳಬಹುದು, ಅವರ ಕಿವಿಗೂ ಬೆರಳಿಗೂ ಸ್ಥಾನಗಳನ್ನು ಹುಡುಕುವ ಅಭ್ಯಾಸ ಇದ್ದೇ ಇರುತ್ತದೆ. ಉಳಿದವರು ಫ್ರೆಟ್ಟಿರುವುದರಲ್ಲಿ ಎರಡು ವರ್ಷ ಕಳೆದು ಬರುವುದು ಒಳ್ಳೆಯದು. ಫ್ರೆಟ್ಟುಗಳಿದ್ದ ಜಾಗದಲ್ಲಿ ಗೆರೆ ಹಾಕಿರುವ ಮಾದರಿಯನ್ನು ಕೊಳ್ಳಲು ನಾಚಿಕೆ ಬೇಡ.

ತಂತಿಯ ಮಾತು

ಸಾಧಾರಣ ಬೇಸ್ ಕೊಂಡು ಉಳಿದ ಹಣವನ್ನು ಒಳ್ಳೆಯ ತಂತಿಗೆ ಇಡಿ ಎಂದು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ರೌಂಡ್‌ವೌಂಡ್ ತಂತಿಯ ಮೇಲೆ ದುಂಡನೆಯ ಸರಿಗೆ ಸುತ್ತಿರುತ್ತಾರೆ. ಮುಟ್ಟಿದರೆ ಅರದಂತೆ ತರಿತರಿ, ನುಡಿಸಿದರೆ ಪಿಯಾನೋದ ಕೆಳಗಿನ ಮನೆಗಳಂತೆ ಝಣ್ ಎನ್ನುವ ದನಿ. ಫ್ಲಾಟ್‌ವೌಂಡಿನಲ್ಲಿ ಚಪ್ಪಟೆಯ ಪಟ್ಟಿ ಸುತ್ತಿರುತ್ತಾರೆ. ಮುಟ್ಟಿದರೆ ನಯ, ನುಡಿಸಿದರೆ ಡಬಲ್ ಬೇಸಿಗೆ ಹತ್ತಿರದ ಮಾಗಿದ ಗುದ್ದು. 1966ರಲ್ಲಿ ದ ಹೂ ತಂಡದ ಜಾನ್ ಎಂಟ್‌ವಿಸಲ್ ಜೊತೆಗೂಡಿ ರೋಟೋಸೌಂಡ್ ಕಂಪನಿ ತನ್ನ ರೌಂಡ್‌ವೌಂಡ್ ತಂತಿಯನ್ನು ರೂಪಿಸುವ ತನಕ ಬೇಸ್ ಎಂದರೆ ಬಹುಪಾಲು ಫ್ಲಾಟ್‌ವೌಂಡೇ ಆಗಿತ್ತು. ಹಾಗಾಗಿ ಅರವತ್ತರ ದಶಕದ ಹಾಡುಗಳ ದನಿ ಕಿವಿಯಲ್ಲಿರುವವರು ಹಳೆಯ ದುಬಾರಿ ವಾದ್ಯವನ್ನು ಹುಡುಕುತ್ತ ಅಲೆಯುವ ಬದಲು ಇರುವ ವಾದ್ಯಕ್ಕೆ ಫ್ಲಾಟ್‌ವೌಂಡ್ ಹಾಕಿ ನೋಡಬೇಕು. ಪಾತ್ರೆ ತೊಳೆಯುವ ಹೊಸ ಸ್ಪಾಂಜನ್ನು ಬೆರಳಗಲ ಕತ್ತರಿಸಿ, ಬ್ರಿಜ್ಜಿನ ಪಕ್ಕ ತಂತಿಗಳ ಕೆಳಗೆ ಸಿಕ್ಕಿಸಿ, ಟೋನ್ ತಿರುಪನ್ನು ಅರ್ಧಕ್ಕೆ ಇಳಿಸಿ, ಬ್ರಿಜ್ಜಿಗಿಂತ ಒಂದು ಗೇಣು ಮುಂದೆ ಬೆರಳಿಟ್ಟು ನುಡಿಸಿ. ನಮ್ಮ ಬಳಗದ ಹಿರಿಯರಿಗೆ ಹೀಗೆ ಸಿದ್ಧಪಡಿಸಿದ ಒಂದು ಸಾಧಾರಣ ಪ್ರಿಸಿಷನ್ ಮಾದರಿಯನ್ನು ಕೈಗಿತ್ತಾಗ, ಕ್ಯಾಸೆಟ್ಟಿನಲ್ಲಿ ಕೇಳಿ ಬಾಯಿಪಾಠವಾಗಿದ್ದ ಸಾಲನ್ನು ಎರಡು ಸಲ ನುಡಿಸಿ, ಮೂರನೆಯ ಸಲಕ್ಕೆ ನಿಲ್ಲಿಸಿ ಆ ಸ್ಪಾಂಜನ್ನೇ ಬಗ್ಗಿ ನೋಡುತ್ತ ಕುಳಿತರು.

ಆದರೆ ತಂತಿಯೇ ಎಲ್ಲವೂ ಎಂದರೆ ಸ್ಟೀವ್ ಹ್ಯಾರಿಸ್ ಅಡ್ಡಬರುತ್ತಾರೆ. ಅರಮನೆ ಮೈದಾನದಲ್ಲಿ ಕುದುರೆಯ ಗೊರಸಿನಂತೆ ಟಕಟಕ ಎಂದ ಆ ದನಿಯನ್ನು ಕೇಳಿದವರು ಅದು ಹೊಚ್ಚಹೊಸ ರೌಂಡ್‌ವೌಂಡಿನದೆಂದೇ ಆಣೆ ಮಾಡುತ್ತಾರೆ. ಆದರೆ ಹ್ಯಾರಿಸ್ ಬಳಸುವುದು ಫ್ಲಾಟ್‌ವೌಂಡ್. ತಂತಿ ಫ್ರೆಟ್ಟಿಗೆ ಬಡಿಯುವಷ್ಟು ಬಿರುಸಾಗಿ ಬೆರಳಾಡಿಸುವುದರಿಂದ ಬರುವ ಸದ್ದು ಅದು. ಹಾಗೆಯೇ ಜೇಮರ್ಸನ್ ತಮ್ಮ ಲಾ ಬೆಲ್ಲಾ ಫ್ಲಾಟ್‌ವೌಂಡುಗಳನ್ನು ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ, ಅವು ಫಿಂಗರ್‌ಬೋರ್ಡಿನಿಂದ ಬಹಳ ಎತ್ತರದಲ್ಲಿದ್ದವು. ಬೇರೆಯವರು ಆ ಬೇಸನ್ನು ಎತ್ತಿಕೊಂಡರೆ ಒತ್ತಲೂ ಕಷ್ಟವಾಗುತ್ತಿತ್ತಂತೆ.

ನಮ್ಮ ಹವೆಯ ಲೆಕ್ಕವೂ ಇದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ನಿಕಲ್ ರೌಂಡ್‌ವೌಂಡ್ ಬೇಗ ಕಳೆಗುಂದುತ್ತದೆ, ಬೆವರು ಹೆಚ್ಚಿರುವ ಕೈಯಾದರೆ ಇನ್ನೂ ಬೇಗ. ಫ್ಲಾಟ್‌ವೌಂಡಿಗೆ ಮೊದಲ ದಿನದ ಖರ್ಚು ಹೆಚ್ಚು, ಆದರೆ ವರ್ಷಗಟ್ಟಲೆ ಬಾಳುತ್ತದೆ, ಹಳೆಯದಾದಷ್ಟೂ ಹದವಾಗುತ್ತದೆ. ಹೊಸಬರು 45ರಿಂದ 105ರ ಸಾಮಾನ್ಯ ಗೇಜಿನಿಂದ (ತಂತಿಯ ದಪ್ಪದ ಅಳತೆಯಿಂದ) ಆರಂಭಿಸಲಿ.

ಅಂಗಡಿಯಲ್ಲಿ

ವಾದ್ಯವನ್ನು ಕೈಗೆತ್ತಿಕೊಂಡವರು ತಕ್ಷಣ ಆಂಪಿಗೆ ಚುಚ್ಚಬಾರದು. ಮೊದಲು ಬೆಲ್ಟ್ ಹಾಕಿಕೊಂಡು ನಿಂತು ಎರಡೂ ಕೈ ಬಿಡಿ. ತಲೆಯ ಭಾಗ ನೆಲದತ್ತ ವಾಲುವುದಾದರೆ ನುಡಿಸುವಷ್ಟು ಹೊತ್ತೂ ಎಡಗೈ ಅದನ್ನು ಹೊರಬೇಕಾಗುತ್ತದೆ. ಆಮೇಲೆ ಒಂದೊಂದು ತಂತಿಯ ಒಂದೊಂದು ಫ್ರೆಟ್ಟನ್ನೂ ಒತ್ತಿ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳಿ. ಫೆಂಡರ್ ಮಾದರಿಯ ನೆಕ್ಕುಗಳಲ್ಲಿ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್ಟಿನ ಆಸುಪಾಸಿನಲ್ಲಿ ಸ್ವರ ಹುಟ್ಟಿದ ಕೂಡಲೇ ಸಾಯುವ ಜಾಗವೊಂದು ಇರುವುದುಂಟು. ದುಬಾರಿಯದರಲ್ಲೂ ಇರುತ್ತದೆ, ಅಗ್ಗದ್ದರಲ್ಲಿ ಇಲ್ಲದೆಯೂ ಇರಬಹುದು. ಒಂದೇ ಮಾದರಿಯ ಎರಡು ವಾದ್ಯಗಳಿದ್ದರೆ ಎರಡನ್ನೂ ಕೇಳಿ ನೋಡಿ. ಹನ್ನೆರಡನೆಯ ಫ್ರೆಟ್ಟಿನ ಬಳಿ ತಂತಿಯ ಎತ್ತರ ಎರಡರಿಂದ ಎರಡೂವರೆ ಮಿಲಿಮೀಟರ್ ಇದ್ದರೆ ಸರಿ, ಹೆಚ್ಚಿದ್ದರೆ ಇಳಿಸಿಕೊಡಲು ಹೇಳಬಹುದು.

ಹಳೆಯದನ್ನು ಕೊಳ್ಳುವವರು ಟ್ರಸ್ ರಾಡನ್ನು ನೋಡದೆ ಹಣ ಕೊಡಬಾರದು. ತಂತಿಗಳ ಎಳೆತಕ್ಕೆ ನೆಕ್ಕು ಬಿಲ್ಲಿನಂತೆ ಬಾಗದಿರಲು ಅದರೊಳಗೆ ಕೂರಿಸಿದ ಕಬ್ಬಿಣದ ಸರಳು ಅದು. ನನ್ನ ಮೊದಲ ಜಾಝ್ ಮಾದರಿಯನ್ನು ಒಬ್ಬರಿಂದ ಬೇಸಿಗೆಯಲ್ಲಿ ಕೊಂಡಿದ್ದೆ, ಆಗ ನೆಕ್ಕು ನೆಟ್ಟಗಿತ್ತು. ಜುಲೈ ತಿಂಗಳ ಮಳೆಗೆ ಅದು ಬಾಗತೊಡಗಿದಾಗ ರಿಪೇರಿಯವರಿಗೆ ತೋರಿಸಿದೆ. ಅವರು ಅಲೆನ್ ಕೀ ಹಾಕಿ ಒಮ್ಮೆ ತಿರುಗಿಸಲು ನೋಡಿ, ತೆಗೆದು, “ಇದನ್ನು ಆಗಲೇ ಕೊನೆಯ ತನಕ ಬಿಗಿದಿದ್ದಾರೆ ಸಾರ್, ಇನ್ನು ಹೋಗಲ್ಲ” ಎಂದರು. ಮಾರಿದವರಿಗೆ ಅದು ಗೊತ್ತಿತ್ತೋ ಇಲ್ಲವೋ ನಾನು ಕೇಳಲು ಹೋಗಲಿಲ್ಲ. ಹೊಸ ನೆಕ್ಕಿಗೆ ಕೊಟ್ಟ ಹಣ ಇಡೀ ವಾದ್ಯಕ್ಕೆ ಕೊಟ್ಟಿದ್ದಕ್ಕೆ ಹೆಚ್ಚುಕಡಿಮೆ ಸಮವಾಯಿತು. ಕೊಳ್ಳುವ ಮೊದಲು ಆ ಸರಳನ್ನು ಬಿಗಿಯುವ ತಿರುಪು ಎರಡೂ ಕಡೆಗೆ ಕಾಲು ಸುತ್ತಾದರೂ ತಿರುಗುತ್ತದೆಯೇ ಎಂದು ಮಾರುವವರ ಎದುರಿಗೇ ತಿಳಿದವರಿಂದ ನೋಡಿಸಿ.

ಕೊಂಡು ತಂದ ದಿನ ಮಾಡಬೇಕಾದ ಇನ್ನೊಂದು ಕೆಲಸವಿದೆ, ಅದಕ್ಕೆ ಎರಡು ನಿಮಿಷ ಸಾಕು. ಹೆಡ್‌ಸ್ಟಾಕಿನ (ನೆಕ್ಕಿನ ತುದಿಯ ತಲೆಯ ಭಾಗದ) ಹಿಂದೆಯೋ ನೆಕ್ಕು ಒಡಲಿಗೆ ಸೇರುವಲ್ಲಿನ ಲೋಹದ ಫಲಕದ ಮೇಲೋ ಇರುವ ಸರಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಗೀರು, ಕಲೆ, ಸಿಪ್ಪೆ ಎದ್ದ ಜಾಗಗಳ ಫೋಟೋ ತೆಗೆದಿಡಿ. ಮೆಕಾರ್ಟ್ನಿಯವರ ಆ ಹೋಫ್ನರ್ 1972ರಲ್ಲಿ ಕಳುವಾಗಿ, ಮರಳಿ ಸಿಕ್ಕಿತೆಂಬ ಸುದ್ದಿ ಹೊರಬಿದ್ದದ್ದು 2024ರಲ್ಲಿ. ಜಾಕೋ ಅವರ ಫ್ರೆಟ್ಟಿಲ್ಲದ ಜಾಝ್ 1986ರಲ್ಲಿ ನ್ಯೂಯಾರ್ಕಿನ ಉದ್ಯಾನವೊಂದರಿಂದ ಮಾಯವಾಗಿ ಇಪ್ಪತ್ತು ವರ್ಷಗಳ ನಂತರ ಕಾಣಿಸಿಕೊಂಡಿತು. ಅದು ಅವರ ಕುಟುಂಬದ ಕೈತಪ್ಪದಂತೆ ಹಣ ಕೊಟ್ಟು ನೆರವಾದವರು ಮೆಟಾಲಿಕಾದ ರಾಬರ್ಟ್ ಟ್ರುಹಿಯೋ, 2011ರ ಅಕ್ಟೋಬರ್ 30ರಂದು ಅದೇ ಅರಮನೆ ಮೈದಾನದಲ್ಲಿ ನಮ್ಮೆದುರು ನುಡಿಸಿದವರು. ಜೇಮರ್ಸನ್ ಅವರ 1962ರ ಪ್ರಿಸಿಷನ್ 1983ರಲ್ಲಿ, ಅವರು ತೀರಿಕೊಳ್ಳುವ ಕೆಲವೇ ದಿನಗಳ ಮೊದಲು ಕಳುವಾಯಿತು. ಅದು ಇನ್ನೂ ಸಿಕ್ಕಿಲ್ಲ.